ಹಿತ್ತಿಲಿನ ಗಿಡಗಳು ಹೇಳುವ ವಸಾಹತು ಇತಿಹಾಸ

(ಇತಿಹಾಸ ವಿಭಾಗದ ಅಧ್ಯಯನ ಲೇಖನ)



ದ್ವಿತೀಯ ಪಿಯುಸಿಯಲ್ಲಿ ಯುರೋಪಿಯನ್ನರ ಆಗಮನದ ಪಾಠ ಮಾಡುವಾಗ ತರಗತಿಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಸರ್, ಇದೆಲ್ಲ ಕಲ್ಲಿಕೋಟೆ, ಗೋವಾ, ಕಲ್ಕತ್ತಾದ ಕಥೆ. ನಮ್ಮ ಊರಿನಲ್ಲಿ ಏನಾಗಿತ್ತು?" ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ದೊಡ್ಡ ಅರಮನೆಗಳಿಲ್ಲ, ನೋಡಲು ಹೋಗುವಂಥ ವಸ್ತುಸಂಗ್ರಹಾಲಯಗಳೂ ಕಡಿಮೆ. ಆದ್ದರಿಂದ ಇಲ್ಲಿ ಇತಿಹಾಸವೇ ನಡೆದಿಲ್ಲ ಎಂದು ನೀವು ಭಾವಿಸುವುದು ಸಹಜ. ಈ ಲೇಖನ ಆ ಪ್ರಶ್ನೆಗೆ ಉತ್ತರ. ಅದಕ್ಕೆ ಬೇಕಾದ ದಾಖಲೆಗಳು ನಿಮ್ಮ ಮನೆಯ ಹಿತ್ತಿಲಿನಲ್ಲೇ ಬೆಳೆದು ನಿಂತಿವೆ.

ಒಮ್ಮೆ ಹಿತ್ತಿಲಿಗೆ ಹೋಗಿ ನೋಡಿ. ಬಾವಿಕಟ್ಟೆಯ ಹತ್ತಿರ ಪಪ್ಪಾಯಿ, ಬೇಲಿಯ ಬದಿಯಲ್ಲಿ ಪೇರಳೆ, ಗುಡ್ಡೆಯ ಮೇಲೆ ಗೇರು, ಮೂಲೆಯಲ್ಲಿ ಅನಾನಸು, ಅಡುಗೆಮನೆಯ ಹಿಂದೆ ನಾಲ್ಕು ಮೆಣಸಿನ ಗಿಡ, ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ. ಇವುಗಳಲ್ಲಿ ಒಂದೂ 1498ಕ್ಕೆ ಮೊದಲು ಈ ಕರಾವಳಿಯಲ್ಲಿ ಇರಲಿಲ್ಲ. ಎಲ್ಲವೂ ಅಮೆರಿಕ ಖಂಡದವು. ಅವು ಇಲ್ಲಿಗೆ ಹೇಗೆ ಬಂದವು, ಯಾರು ತಂದರು, ಬಂದ ಮೇಲೆ ಏನೇನು ಬದಲಾಯಿತು ಎಂದು ಕೇಳುತ್ತ ಹೋದರೆ ನಾಲ್ಕೂವರೆ ಶತಮಾನದ ವಸಾಹತು ಇತಿಹಾಸ ಬಿಚ್ಚಿಕೊಳ್ಳುತ್ತದೆ.

1. ಪೋರ್ಚುಗೀಸರಿಗಿಂತ ಮೊದಲು

ಮೊದಲು ಹೇಗಿತ್ತು ಎಂದು ತಿಳಿದರೆ ಮಾತ್ರ ಏನು ಬದಲಾಯಿತು ಎಂದು ಹೇಳಬಹುದು. ಅದೃಷ್ಟವಶಾತ್ ನಮಗೊಬ್ಬ ಒಳ್ಳೆಯ ಸಾಕ್ಷಿ ಇದ್ದಾನೆ. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ದೆಹಲಿಯಿಂದ ಹೊರಟು 1342ರ ಸುಮಾರಿಗೆ ಈ ಕರಾವಳಿಯ ಉದ್ದಕ್ಕೂ ದಕ್ಷಿಣಕ್ಕೆ ಸಾಗಿದ. ಅವನು 'ಅಬೂ ಸರೂರ್' ಎಂದು ಬರೆದದ್ದು ನಮ್ಮ ಬಸ್ರೂರು. 'ಫಾಕನೂರ್' ಎಂದದ್ದು ಬ್ರಹ್ಮಾವರದ ಪಕ್ಕದ ಬಾರಕೂರು. ಬಸ್ರೂರು ದೊಡ್ಡ ಹಿನ್ನೀರಿನ ದಡದಲ್ಲಿರುವ ಸಣ್ಣ ಊರು, ತುಂಬ ತೆಂಗಿನ ಮರಗಳಿವೆ ಎನ್ನುತ್ತಾನೆ. ಬಾರಕೂರಿನಲ್ಲಿ ಬೆಳೆಯುವ ಕಬ್ಬಿಗೆ ಈ ಸೀಮೆಯಲ್ಲಿ ಸಾಟಿಯಿಲ್ಲ ಎಂದು ಹೊಗಳುತ್ತಾನೆ. ಎರಡೂ ಊರುಗಳಲ್ಲಿ ಮುಸ್ಲಿಂ ವ್ಯಾಪಾರಿಗಳ ನೆಲೆ ಇತ್ತು ಎಂಬುದನ್ನೂ ದಾಖಲಿಸುತ್ತಾನೆ. ಈ ತೀರದಲ್ಲಿ ಪ್ರತಿಯೊಬ್ಬನಿಗೂ ತನ್ನದೇ ತೋಟ, ತೋಟದ ನಡುವೆ ಮನೆ, ಸುತ್ತ ಬೇಲಿ ಎಂದು ಅವನು ಬರೆದದ್ದನ್ನು ಓದಿದರೆ ಇವತ್ತಿನ ಕೋಟ, ಸಾಲಿಗ್ರಾಮ, ಉಪ್ಪುಂದದ ಮನೆಗಳೇ ಕಣ್ಣಮುಂದೆ ಬರುತ್ತವೆ. ಬ್ರಹ್ಮಾವರದ ಮುಚ್ಚಿಹೋದ ಸಕ್ಕರೆ ಕಾರ್ಖಾನೆಯನ್ನು ಕಂಡಾಗ ಬಾರಕೂರಿನ ಆ ಕಬ್ಬನ್ನು ನೆನಪಿಸಿಕೊಳ್ಳಿ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗಿಡಗಳು, ಅವುಗಳ ಹೆಸರುಗಳು ಆಗಲೂ ಸಮುದ್ರ ದಾಟುತ್ತಿದ್ದವು. ಸಂಸ್ಕೃತದ 'ಶರ್ಕರಾ' ಪರ್ಷಿಯನ್ ಮೂಲಕ ಅರಬಿಯಲ್ಲಿ 'ಸುಕ್ಕರ್' ಆಯಿತು, ಅಲ್ಲಿಂದ ಯುರೋಪಿಗೆ ಹೋಗಿ 'ಶುಗರ್' ಆಯಿತು. ನಮ್ಮ ಹುಣಸೆಯನ್ನು ಅರಬರು 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ ಎಂದರು. ಇಂಗ್ಲಿಷಿನ 'ಟ್ಯಾಮರಿಂಡ್' ಅದೇ ಪದ. ಕಾಫಿ ಯೆಮನ್‌ನಿಂದ ಬಂದದ್ದು. ಹಜ್ ಯಾತ್ರೆಯಿಂದ ಮರಳುವಾಗ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಆದ್ದರಿಂದ ವಸಾಹತು ಕಾಲದ ವಿಶೇಷ ಗಿಡಗಳು ಬಂದದ್ದರಲ್ಲಿ ಇಲ್ಲ. ಯಾರು ಯಾವ ಗಿಡವನ್ನು ಬೆಳೆಯಬೇಕು, ಯಾರು ಮಾರಬೇಕು, ಯಾರು ಅದಕ್ಕೆ ಹೆಸರಿಡಬೇಕು ಎಂಬ ಅಧಿಕಾರ ಕೈಬದಲಾಯಿಸಿದ್ದರಲ್ಲಿ ಇದೆ. ಲೇಖನದ ಉದ್ದಕ್ಕೂ ಈ ಮಾತನ್ನು ನೆನಪಿನಲ್ಲಿಡಿ.

2. ಒಳ್ಳೆಮೆಣಸಿಗಾಗಿ ಬಂದವರು

ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು ಕರಿಮೆಣಸಿಗಾಗಿ. ಆ ವ್ಯಾಪಾರ ಅದುವರೆಗೆ ಅರಬರು, ಮಾಪಿಳ್ಳೆಗಳು, ನವಾಯತರು, ಗುಜರಾತಿಗಳು, ಕೊಂಕಣಿಗಳು ಹೀಗೆ ಅನೇಕರ ಕೈಯಲ್ಲಿ ಹಂಚಿಹೋಗಿತ್ತು. ಪೋರ್ಚುಗೀಸರು ಅದನ್ನು ಒಬ್ಬರದೇ ಮಾಡಲು ಹೊರಟರು. ಅದಕ್ಕೆ ಅವರು ಬಳಸಿದ ಸಾಧನ 'ಕಾರ್ತಾಜ್' ಎಂಬ ಪರವಾನಗಿ ಚೀಟಿ. ಚೀಟಿಯಿಲ್ಲದೆ ಸಮುದ್ರಕ್ಕಿಳಿದ ಹಡಗನ್ನು ಹಿಡಿಯುತ್ತಿದ್ದರು, ಸರಕನ್ನು ಮುಟ್ಟುಗೋಲು ಹಾಕುತ್ತಿದ್ದರು. ಚೀಟಿ ಇದ್ದರೂ ಕರಿಮೆಣಸು ತುಂಬುವಂತಿರಲಿಲ್ಲ. ಶತಮಾನಗಳಿಂದ ತಮ್ಮದೇ ಆಗಿದ್ದ ಸಮುದ್ರದಲ್ಲಿ ಸಾಗಲು ನಾಖುದಾಗಳು ಪರರ ಅನುಮತಿ ಕೇಳಬೇಕಾಯಿತು. ಇದರಿಂದಾದ ಸಂಕಟವನ್ನು ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮ್ 16ನೇ ಶತಮಾನದ ಉತ್ತರಾರ್ಧದಲ್ಲಿ 'ತುಹ್ಫತುಲ್ ಮುಜಾಹಿದೀನ್' ಎಂಬ ಅರಬಿ ಕೃತಿಯಲ್ಲಿ ವಿವರವಾಗಿ ಬರೆದಿಟ್ಟಿದ್ದಾರೆ. ವಸಾಹತಿನ ಇತಿಹಾಸವನ್ನು ಅದರ ಪೆಟ್ಟು ತಿಂದವರ ಕಡೆಯಿಂದ ಹೇಳಿದ ಮೊದಲ ಪುಸ್ತಕಗಳಲ್ಲಿ ಅದೂ ಒಂದು.

ನಮ್ಮ ಸೀಮೆಗೂ ಇದರ ಬಿಸಿ ತಟ್ಟಿತು. ಬೈಂದೂರಿನ ಉತ್ತರಕ್ಕೆ ಗೇರುಸೊಪ್ಪೆ, ಹಾಡುವಳ್ಳಿಯನ್ನು ಆಳುತ್ತಿದ್ದ ಚೆನ್ನಭೈರಾದೇವಿಯನ್ನು (1552–1606) ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆಯುತ್ತಿದ್ದರು. 1569ರಲ್ಲಿ ಗೋವೆಯ ವೈಸರಾಯ್ ಲೂಯಿಸ್ ದ ಅತಾಯ್ದೆ ಬಸ್ರೂರಿನ ಬಂದರನ್ನು ವಶಪಡಿಸಿಕೊಂಡ. ಅಲ್ಲಿ ಅವರಿಗೆ ಬೇಕಾದದ್ದು ಮುಖ್ಯವಾಗಿ ಅಕ್ಕಿ. ಗೋವೆಯ ಕೋಟೆಗಳ ಹೊಟ್ಟೆ ತುಂಬಲು ನಮ್ಮ ಬಯಲುಗಳ ಅಕ್ಕಿ ಬೇಕಿತ್ತು. 17ನೇ ಶತಮಾನದ ನಡುವೆ ಕೆಳದಿಯ ಶಿವಪ್ಪ ನಾಯಕ ಅವರನ್ನು ಇಲ್ಲಿಯ ಕೋಟೆಗಳಿಂದ ಹೊರಗಟ್ಟುವವರೆಗೆ ಈ ಹಿಡಿತ ಉಳಿಯಿತು.

ಕರಿಮೆಣಸನ್ನು ಒಯ್ಯಲು ಬಂದವರ ಹಡಗಿನಲ್ಲೇ ಇನ್ನೊಂದು ಖಾರ ಬಂತು. ಅದೇ ಮೆಣಸಿನಕಾಯಿ. ಇದಕ್ಕೆ ಸಾಕ್ಷಿ ನಮ್ಮ ಭಾಷೆಯಲ್ಲೇ ಇದೆ. ಹಳೆಯ ಕನ್ನಡದಲ್ಲಿ 'ಮೆಣಸು' ಎಂದರೆ ಕರಿಮೆಣಸು ಮಾತ್ರ. ಹೊಸ ಗಿಡ ಬಂದಾಗ ಅದು 'ಮೆಣಸಿನ ಕಾಯಿ' ಆಯಿತು, ಅಂದರೆ ಮೆಣಸಿನಂತೆ ಖಾರವಿರುವ ಕಾಯಿ. ಕೊಂಕಣಿಯ 'ಮಿರ್ಸಾಂಗ್' ಕೂಡ ಹೀಗೆಯೇ ಹುಟ್ಟಿದ ಪದ. ಕ್ರಮೇಣ ಹೊಸದು ಎಷ್ಟು ಬಲವಾಯಿತೆಂದರೆ ಬರೀ 'ಮೆಣಸು' ಎಂದರೆ ನಮ್ಮ ಕರಾವಳಿಯಲ್ಲಿ ಕೆಂಪು ಮೆಣಸು ಎಂದೇ ಅರ್ಥವಾಯಿತು. ಹಳೆಯದನ್ನು ಬೇರೆ ಮಾಡಿ ಹೇಳಲು 'ಒಳ್ಳೆಮೆಣಸು' ಎನ್ನಬೇಕಾಯಿತು. ತುಳುವಿನಲ್ಲಿ 'ಎಡ್ಡೆ ಮುಂಚಿ', ಮಲಯಾಳದಲ್ಲಿ 'ನಲ್ಲಮುಳಕು'. ಮೂರರ ಅರ್ಥವೂ ಒಂದೇ. ಮನೆಯಲ್ಲಿ ಬ್ಯಾರಿ, ನವಾಯತಿ ಅಥವಾ ದಖ್ಖನಿ ಮಾತನಾಡುವವರು ಈ ಎರಡು ಮೆಣಸುಗಳಿಗೆ ಏನೆನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಯಾವ ಶಾಸನದಲ್ಲೂ ಸಿಗದ ಮಾಹಿತಿ ಅದು.

ಹೆಸರುಗಳ ಸಾಕ್ಷಿ ಇಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ 'ಬಟಾಟೆ' ಪೋರ್ಚುಗೀಸರ 'ಬತಾತ'. 'ಅನಾನಸು' ಬ್ರೆಜಿಲಿನ ಮೂಲನಿವಾಸಿಗಳ ಪದ, ಪೋರ್ಚುಗೀಸರ ಬಾಯಿಂದ ನಮಗೆ ಬಂದದ್ದು. 'ಪೇರಳೆ'ಯ ಮೂಲ ಪೋರ್ಚುಗೀಸಿನ 'ಪೇರ' ಎಂದು ಭಾಷಾತಜ್ಞರು ಗುರುತಿಸುತ್ತಾರೆ. ಘಟ್ಟದ ಮೇಲಿನವರು ಪಪ್ಪಾಯಿಯನ್ನು 'ಪರಂಗಿ ಹಣ್ಣು' ಎನ್ನುತ್ತಾರೆ. ಪರಂಗಿ ಎಂದರೆ ಫಿರಂಗಿ, ಅಂದರೆ ಯುರೋಪಿನವನು. ಫ್ರಾಂಕ್ ಜನರನ್ನು ಅರಬರು 'ಇಫ್ರಂಜ್' ಎಂದು ಕರೆದದ್ದು ಪರ್ಷಿಯನ್ ಮೂಲಕ ನಮ್ಮಲ್ಲಿಗೆ ಬಂದು ಒಂದು ಹಣ್ಣಿನ ಹೆಸರಾಯಿತು.

3. ಗೇರು: ಹೆಸರು ಹಳೆಯದು, ಮರ ಹೊಸದು

ಕುಂದಾಪುರದ ಸುತ್ತಮುತ್ತ ಗೇರುಬೀಜ ಕಾರ್ಖಾನೆ ನೋಡದವರಿಲ್ಲ. ನಿಮ್ಮಲ್ಲಿ ಹಲವರ ಮನೆಗೆ ಅಲ್ಲಿಂದ ವಾರದ ಸಂಬಳ ಬರುತ್ತದೆ. ಆದ್ದರಿಂದ ಈ ಮರದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಗೇರು ಬ್ರೆಜಿಲಿನ ಮರ. ಅಲ್ಲಿಯ ತುಪಿ ಜನರ 'ಅಕಾಜು' ಪೋರ್ಚುಗೀಸಿನಲ್ಲಿ 'ಕಾಜು' ಆಯಿತು, ಹಾಗೆಯೇ ಹಿಂದಿ, ಉರ್ದು, ಕೊಂಕಣಿಗೆ ಬಂತು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತ 1563ರಲ್ಲಿ ಪ್ರಕಟಿಸಿದ ಗಿಡಮೂಲಿಕೆಗಳ ಗ್ರಂಥದಲ್ಲಿ ಇದರ ಮಾತಿಲ್ಲ. 1578ರ ಕ್ರಿಸ್ಟೋಬಲ್ ಅಕೋಸ್ತನ ಪುಸ್ತಕದಲ್ಲಿ ಕೊಚ್ಚಿಯ ತೋಟದಲ್ಲಿ ಇದನ್ನು ಕಂಡ ವಿವರವಿದೆ. ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗೇರುಮರ ಪಶ್ಚಿಮ ಕರಾವಳಿಯಲ್ಲಿ ಬೇರೂರಿದ ಕಾಲ ಹೆಚ್ಚುಕಡಿಮೆ ತಿಳಿಯುತ್ತದೆ. ಇತಿಹಾಸಕಾರರು ಕೆಲಸ ಮಾಡುವುದು ಹೀಗೆ. ಏನು ಬರೆದಿದೆ ಎಂಬುದರ ಜೊತೆ ಏನು ಬರೆದಿಲ್ಲ ಎಂಬುದನ್ನೂ ಅವರು ಓದುತ್ತಾರೆ.

ಹಾಗಾದರೆ ನಮ್ಮ 'ಗೇರು' ಎಂಬ ಪದ? ಅದು ಈ ಮರಕ್ಕಿಂತ ಹಳೆಯದು. ನಮ್ಮ ಕಾಡಿನಲ್ಲಿ ಮೊದಲಿನಿಂದಲೂ ಇದ್ದ ಕಾಡುಗೇರಿನ ಹೆಸರು ಅದು. ಅದರ ಕಾಯಿಯ ಕಪ್ಪು ರಸದಿಂದ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಹೊಸ ಮರದ ಬೀಜವೂ ಹಾಗೆಯೇ ಚರ್ಮ ಸುಡುವುದನ್ನು ಕಂಡ ನಮ್ಮ ರೈತರು ಇದೂ ಅದರ ನೆಂಟ ಎಂದು ಅದೇ ಹೆಸರಿಟ್ಟರು. ಅವರ ಊಹೆ ಸರಿಯಾಗಿತ್ತು. ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ ಕುಟುಂಬದವು. ವಿಚಿತ್ರವೆಂದರೆ ಸ್ವೀಡನ್ನಿನ ಲಿನೇಯಸ್ ಮಾಡಿದ್ದೂ ಇದನ್ನೇ. ಯುರೋಪಿನ ವೈದ್ಯರು ಕಾಡುಗೇರಿಗೆ ಬಳಸುತ್ತಿದ್ದ 'ಅನಕಾರ್ಡಿಯಮ್' ಎಂಬ ಹೆಸರನ್ನು ಅವನು ಎತ್ತಿ ಗೋಡಂಬಿಯ ಮರಕ್ಕೆ ಕೊಟ್ಟ. ಲಿನೇಯಸ್‌ನ ಹೆಸರು ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಅದೇ ಸಂಬಂಧವನ್ನು ತಾವಾಗಿಯೇ ಗುರುತಿಸಿದ ನಮ್ಮ ರೈತರ ಹೆಸರು ಎಲ್ಲಿಯೂ ಇಲ್ಲ.

ಕಾಡುಗೇರಿಗೆ ಅರಬಿಯಲ್ಲಿ 'ಬಲಾಧುರ್' ಎನ್ನುತ್ತಾರೆ. ನೆನಪಿನ ಶಕ್ತಿ ಹೆಚ್ಚಿಸುತ್ತದೆಂದು ಹಳೆಯ ಅರಬ್ ವೈದ್ಯಕೀಯದಲ್ಲಿ ಇದನ್ನು ಬಳಸುತ್ತಿದ್ದರು. 9ನೇ ಶತಮಾನದ ಪ್ರಸಿದ್ಧ ಇತಿಹಾಸಕಾರ ಅಲ್-ಬಲಾಧುರಿಗೆ ಆ ಹೆಸರು ಬಂದದ್ದೇ ಈ ಕಾಯಿಯಿಂದ ಎನ್ನುತ್ತಾರೆ. ಪರೀಕ್ಷೆ ಹತ್ತಿರವಿದೆ ಎಂದು ಯಾರೂ ಪ್ರಯೋಗ ಮಾಡಬೇಡಿ! ಅದು ಬಾಯಿ, ಹೊಟ್ಟೆಯನ್ನು ಸುಡುತ್ತದೆ.

ಗೇರು ದೊಡ್ಡ ಉದ್ಯಮವಾದದ್ದು 20ನೇ ಶತಮಾನದ ಆರಂಭದ ದಶಕಗಳಲ್ಲಿ, ಮಂಗಳೂರು ಮತ್ತು ಕೊಲ್ಲಂನಿಂದ ಅಮೆರಿಕಕ್ಕೆ ತಿರುಳು ರಫ್ತಾಗತೊಡಗಿದಾಗ. ಇಲ್ಲಿಯ ಬೀಜ ಸಾಲದೆ ಪೂರ್ವ ಆಫ್ರಿಕಾದಿಂದ ತರಿಸಿದರು. ಅಲ್ಲಿ, ಮೊಜಾಂಬಿಕ್‌ನಲ್ಲಿ, ಗೇರು ನೆಟ್ಟವರೂ ಪೋರ್ಚುಗೀಸರೇ. ಬ್ರೆಜಿಲಿನ ಮರ, ಆಫ್ರಿಕಾದ ಬೀಜ, ಕರಾವಳಿಯ ಹೆಂಗಸರ ಕೈ, ಅಮೆರಿಕದ ಮಾರುಕಟ್ಟೆ: ವಸಾಹತು ಕಾಲದ ಅರ್ಥವ್ಯವಸ್ಥೆಯನ್ನು ಇದಕ್ಕಿಂತ ಚಿಕ್ಕದಾಗಿ ವಿವರಿಸಲಾಗದು. ಇವತ್ತಿಗೂ ತಿರುಳಿನ ದರ್ಜೆಯನ್ನು 'ಡಬ್ಲ್ಯು 180', 'ಡಬ್ಲ್ಯು 320' ಎಂದು ಹೇಳುತ್ತಾರೆ. ಆ ಸಂಖ್ಯೆ ಒಂದು ಪೌಂಡಿಗೆ ಎಷ್ಟು ಇಡೀ ತಿರುಳು ಬರುತ್ತದೆ ಎಂಬುದನ್ನು ಸೂಚಿಸುತ್ತದೆ. ಒಂದು ಪೌಂಡ್ ಎಂದರೆ ಸುಮಾರು 454 ಗ್ರಾಂ. ದೇಶ ಕಿಲೋಗ್ರಾಮಿಗೆ ಬದಲಾಗಿ ದಶಕಗಳಾದರೂ ಗೋಡಂಬಿಯನ್ನು ಎಣಿಸುವುದು ಪೌಂಡಿನಲ್ಲಿಯೇ. ಸಿಪ್ಪೆ ಒಡೆಯುವ ಕೆಲಸದವರ ಬೆರಳುಗಳನ್ನು ಕಪ್ಪಾಗಿಸುವ ಎಣ್ಣೆಯೂ ವ್ಯರ್ಥವಲ್ಲ. ವಾರ್ನಿಷ್, ವಾಹನಗಳ ಬ್ರೇಕ್ ಲೈನಿಂಗ್ ತಯಾರಿಕೆಗೆ ಅದು ಹೋಗುತ್ತದೆ. ಕಾಜು ಕತ್ಲಿ ತಿನ್ನುವಾಗ ಆ ಬೆರಳುಗಳ ನೆನಪು ಇರಲಿ.

4. ಗಿಡದ ಜ್ಞಾನ ಯಾರದು?

ಒಂದು ನಾಡನ್ನು ಆಳಬೇಕಾದರೆ ಅಲ್ಲಿ ಏನು ಬೆಳೆಯುತ್ತದೆ ಎಂದು ತಿಳಿಯಬೇಕು. ಆದ್ದರಿಂದ ಸೈನಿಕರ ಹಿಂದೆಯೇ ಸಸ್ಯಶಾಸ್ತ್ರಜ್ಞರೂ ಬಂದರು. ಅವರಿಗೆ ಗಿಡ ತೋರಿಸಿದವರು, ಹೆಸರು ಹೇಳಿದವರು, ಔಷಧದ ಗುಣ ವಿವರಿಸಿದವರು ಇಲ್ಲಿಯ ಜನ.

ಇದಕ್ಕೆ ಪ್ರಸಿದ್ಧ ಉದಾಹರಣೆ 'ಹೋರ್ತುಸ್ ಮಲಬಾರಿಕುಸ್'. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ ಈ ಗ್ರಂಥ 1678ರಿಂದ 1693ರ ನಡುವೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಹಿಂದಿನ ಜ್ಞಾನ ಈಳವ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಅವರದು. ಚಿತ್ರಗಳಲ್ಲಿ ಗಿಡದ ಹೆಸರು ಲ್ಯಾಟಿನ್, ಮಲಯಾಳ ಲಿಪಿಗಳ ಜೊತೆ ಅರಬಿ ಲಿಪಿಯಲ್ಲೂ ಇದೆ, ಏಕೆಂದರೆ ಆಗ ಕರಾವಳಿಯ ವ್ಯಾಪಾರದಲ್ಲಿ ಅರಬಿ ಬಳಕೆಯಲ್ಲಿತ್ತು. ವಾನ್ ರೀಡ್‌ನ ಗ್ರಂಥ ಸಹಾಯ ಮಾಡಿದವರ ಹೆಸರನ್ನಾದರೂ ಉಳಿಸಿತು. ಅಷ್ಟು ಮರ್ಯಾದೆಯೂ ಎಲ್ಲರಿಗೆ ಸಿಗಲಿಲ್ಲ.

ನಮ್ಮ ಊರಿಗೆ ಹೀಗೆ ಬಂದವನು ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಹುತಾತ್ಮನಾದ ಮೇಲೆ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಗೆದ್ದ ನಾಡಿನಲ್ಲಿ ಏನಿದೆ ಎಂದು ಪಟ್ಟಿ ಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಈ ಸ್ಕಾಟ್ ವೈದ್ಯನನ್ನು ಕಳುಹಿಸಿದ. 1801ರ ಆರಂಭದಲ್ಲಿ ಬುಕಾನನ್ ಮಂಗಳೂರಿನಿಂದ ಬ್ರಹ್ಮಾವರ, ಕುಂದಾಪುರ, ಬೈಂದೂರು ಮಾರ್ಗವಾಗಿ ಭಟ್ಕಳದ ಕಡೆಗೆ ಸಾಗಿದ. ಇವತ್ತು ನೀವು ಕಾಲೇಜಿಗೆ ಬರುವ ರಾಷ್ಟ್ರೀಯ ಹೆದ್ದಾರಿ ಹೆಚ್ಚುಕಡಿಮೆ ಅದೇ ದಾರಿ. ಯಾವ ಮಣ್ಣಿನಲ್ಲಿ ಯಾವ ಭತ್ತ, ತೆಂಗು ಅಡಿಕೆಗಳ ಆದಾಯವೆಷ್ಟು, ಗೇಣಿ ಎಷ್ಟು ಎಂದು ಕೇಳುತ್ತ ಬರೆದುಕೊಳ್ಳುತ್ತ ಹೋದ. ಆ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಇನ್ನೂರು ವರ್ಷದ ಹಿಂದಿನ ನಮ್ಮ ಬೇಸಾಯದ ಬಗ್ಗೆ ತಿಳಿಯಲು ಇವತ್ತೂ ಅದನ್ನೇ ತೆರೆಯಬೇಕು. ಆದರೆ ಅದು ನಮಗಾಗಿ ಬರೆದದ್ದಲ್ಲ. ನಮ್ಮಿಂದ ಎಷ್ಟು ಕಂದಾಯ ವಸೂಲಿಯಾದೀತು ಎಂದು ತಿಳಿಯಬೇಕಾಗಿದ್ದವರಿಗಾಗಿ ಬರೆದದ್ದು. ಒಂದು ಆಕರವನ್ನು ಬಳಸುವಾಗ 'ಇದನ್ನು ಯಾರು, ಯಾರಿಗಾಗಿ ಬರೆದರು?' ಎಂದು ಕೇಳಬೇಕು ಎನ್ನುವುದು ಇದಕ್ಕೇ.

ಕಾಡಿನಲ್ಲಿ ಬೆಳೆಯುವ ಚಾರೋಳಿ ಮರದ ವೈಜ್ಞಾನಿಕ ಹೆಸರು 'ಬುಕನಾನಿಯ'. ನಮ್ಮ ಅಜ್ಜಿಯಂದಿರು ಸಾರು, ಶರಬತ್ತು ಮಾಡುವ ಮುರುಗಲು ಅಥವಾ ಪುನರ್ಪುಳಿಯ ಹೆಸರು 'ಗಾರ್ಸೀನಿಯ'. ಅದು ಡಚ್ ಕಂಪೆನಿಯ ಸೇವೆಯಲ್ಲಿದ್ದ ಲೋರಾನ್ ಗಾರ್ಸಿನ್ ಎಂಬವನ ಹೆಸರು. ನಮ್ಮ ಭಾಷೆಗಳ ಗುರುತು ಉಳಿದ ಹೆಸರುಗಳೂ ಇವೆ. ಅಡಿಕೆಯ 'ಅರೆಕ' ದ್ರಾವಿಡ ಭಾಷೆಗಳ ಅಡಕೆ, ಅಡಕ್ಕದಿಂದ ಬಂದದ್ದು. ಆಡುಸೋಗೆಯ ಹೆಸರಿನಲ್ಲಿರುವ 'ಆಧಾತೋಡ'ದ ಅರ್ಥ, ಆಡು ಮುಟ್ಟದ ಗಿಡ ಎಂದು. ಜೀವಶಾಸ್ತ್ರ ಓದುವವರು ವೈಜ್ಞಾನಿಕ ಹೆಸರನ್ನು ಬಾಯಿಪಾಠ ಮಾಡುವಾಗ ಒಳಗೆ ಯಾರಿದ್ದಾರೆ ಎಂದೂ ನೋಡಿ.

5. ಹಾಡಿಗೆ ಬಂದ ಕಾನೂನು

ಮನೆಯ ಹಿತ್ತಿಲಿನಿಂದ ಈಗ ಹಾಡಿಗೆ ಹೋಗೋಣ. ಗದ್ದೆಗೆ ಸೊಪ್ಪು, ಒಲೆಗೆ ಕಟ್ಟಿಗೆ, ದನಕ್ಕೆ ಮೇವು ಹಾಡಿಯಿಂದಲೇ ಬರಬೇಕು. ಘಟ್ಟದ ಬುಡದಲ್ಲಿ ಕುಡುಬಿ ಮೊದಲಾದ ಸಮುದಾಯಗಳು ಕುಮರಿ ಬೇಸಾಯ ಮಾಡುತ್ತಿದ್ದವು. ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು ಬಿತ್ತುವುದು, ಒಂದೆರಡು ಬೆಳೆ ತೆಗೆದ ಮೇಲೆ ಹಲವು ವರ್ಷ ಹಾಗೆಯೇ ಬಿಡುವುದು ಇದರ ಕ್ರಮ. ಕುಡುಬಿಯರ ಹಿರಿಯರು ತಾವು ಪೋರ್ಚುಗೀಸರ ಕಾಟಕ್ಕೆ ಗೋವೆಯಿಂದ ಓಡಿಬಂದವರೆಂದು ಹೇಳುತ್ತಾರೆ. ಒಂದು ವಸಾಹತು ಶಕ್ತಿಯಿಂದ ತಪ್ಪಿಸಿಕೊಂಡವರು ಇನ್ನೊಂದರ ಕಾನೂನಿಗೆ ಸಿಕ್ಕಿದರು.

ಬ್ರಿಟಿಷರಿಗೆ ಕಾಡೆಂದರೆ ಮೊದಲು ಹಡಗಿಗೆ ತೇಗ, ಆಮೇಲೆ ರೈಲಿಗೆ ಸ್ಲೀಪರ್ ಮತ್ತು ಉರುವಲು. 1806ರಲ್ಲಿ ಮಲಬಾರಿನ ತೇಗಕ್ಕಾಗಿ ಕ್ಯಾಪ್ಟನ್ ವಾಟ್ಸನ್‌ನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿದರು. ಜನರ ದೂರು ಎಷ್ಟು ಹೆಚ್ಚಿತೆಂದರೆ 1823ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ರದ್ದುಮಾಡಿದ. ಈ ಮನ್ರೋ 1799–1800ರಲ್ಲಿ ನಮ್ಮ ಕೆನರಾದ ಮೊದಲ ಕಲೆಕ್ಟರ್ ಆಗಿದ್ದವನು. ಆದರೆ 1856ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅರಣ್ಯ ಇಲಾಖೆ ಮತ್ತೆ ಬಂತು. ಅದರ ಮುಖ್ಯಸ್ಥ ಹ್ಯೂ ಕ್ಲೆಗಾರ್ನ್ ಕುಮರಿಯ ಕಡು ವಿರೋಧಿ. 1860ರ ಸುಮಾರಿಗೆ ಅನುಮತಿಯಿಲ್ಲದ ಕುಮರಿ ನಿಷೇಧವಾಯಿತು. 1882ರ ಮದ್ರಾಸ್ ಅರಣ್ಯ ಕಾಯ್ದೆಯಿಂದ ಮೀಸಲು ಅರಣ್ಯಗಳು ಬಂದವು. ಮೊನ್ನೆಯವರೆಗೆ ಸೊಪ್ಪು ತರುತ್ತಿದ್ದ ಜಾಗಕ್ಕೆ ಕಾಲಿಟ್ಟರೆ ಅಪರಾಧವಾಯಿತು.

ಈ ಜಗಳದ ನಡುವೆ ಉಳಿದುಕೊಂಡದ್ದು 'ಕುಮ್ಕಿ'. ಹಳೆಯ ವರ್ಗ ಜಮೀನಿನಿಂದ 100 ಗಜದೊಳಗಿನ, ಅಂದರೆ ಸುಮಾರು 91 ಮೀಟರಿನ, ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ, ಮೇವು ಪಡೆಯುವ ಸವಲತ್ತು ಅದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯೂ ಅದನ್ನು ಮಾನ್ಯ ಮಾಡಿದೆ. ಇವತ್ತಿಗೂ ತಾಲೂಕು ಕಚೇರಿಗಳಲ್ಲಿ ಕುಮ್ಕಿ ಹಕ್ಕಿನ ಮಾತು ಕೇಳಿಬರುತ್ತದೆ. 'ಕುಮ್ಕಿ' ಪರ್ಷಿಯನ್ನಿನ 'ಕುಮಕ್'ನಿಂದ ಬಂದದ್ದು, ಅರ್ಥ ಸಹಾಯ. ಕನ್ನಡದ 'ಕುಮ್ಮಕ್ಕು', ಉರ್ದುವಿನ 'ಕುಮಕ್' ಅದೇ ಪದ. ಹಳೆಯ ಜಮೀನಿಗೆ ಹೇಳುವ 'ಕದೀಂ' ಅರಬಿ ಪದ. ಕಂದಾಯದ 'ವರ್ಗ' ಕೂಡ ಅರಬಿಯ 'ವರಕ್' ಎಂದರೆ ಎಲೆ, ಹಾಳೆ ಎಂಬುದರಿಂದ ಬಂದದ್ದೆಂದು ವಿವರಿಸುವುದುಂಟು: ಲೆಕ್ಕದ ಪುಸ್ತಕದಲ್ಲಿ ಒಬ್ಬನ ಜಮೀನಿಗೆ ಒಂದು ಹಾಳೆ. ನಿಮ್ಮ ತಂದೆಯವರ ಹತ್ತಿರವಿರುವ ಪಹಣಿ ಪತ್ರ ಒಂದು ದೊಡ್ಡ ಭಾಷಾ ಸಂಗ್ರಹಾಲಯ.

ಮರವಂತೆ, ಕೋಡಿಯ ಕಡಲ ತೀರದ ಗಾಳಿಮರಗಳನ್ನೂ ಈ ಕಥೆಗೆ ಸೇರಿಸಬೇಕು. ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾದ ಈ ಮರವನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಪ್ರಾಂತ್ಯದ ತೀರಗಳಲ್ಲಿ ಬೆಳೆಸಿದ್ದು ಮುಖ್ಯವಾಗಿ ಉರುವಲಿಗಾಗಿ. ರೈಲಿನ ಹೊಟ್ಟೆಗೆ ನಮ್ಮ ಕಾಡು ಸಾಲದಾದಾಗ ಮರಳಿನಲ್ಲಿ ಬೇಗ ಬೆಳೆಯುವ ಮರ ಬೇಕಾಯಿತು.

6. ಅಂದದ ಗಿಡಗಳು, ಮರೆತ ಮನುಷ್ಯರು

ಗೇಟಿನ ಮೇಲಿನ ಕಾಗದದ ಹೂವಿನ ಇನ್ನೊಂದು ಹೆಸರು ಬೋಗನ್‌ವಿಲ್ಲಾ. ಫ್ರೆಂಚ್ ನೌಕಾಧಿಕಾರಿ ಬೂಗನ್‌ವೀಲ್‌ನ ಹಡಗುಗಳು ಭೂಮಿಗೆ ಸುತ್ತು ಹಾಕುವಾಗ 1767ರಲ್ಲಿ ಬ್ರೆಜಿಲಿನಲ್ಲಿ ಸಸ್ಯಶಾಸ್ತ್ರಜ್ಞ ಕಾಮರ್ಸನ್ ಇದನ್ನು ಸಂಗ್ರಹಿಸಿದ. ಅವನ ಸಹಾಯಕ 'ಹುಡುಗ' ವಾಸ್ತವವಾಗಿ ಜಾನ್ ಬಾರೆ ಎಂಬ ಹೆಣ್ಣು. ಹಡಗಿನಲ್ಲಿ ಹೆಂಗಸರಿಗೆ ಪ್ರವೇಶವಿಲ್ಲದ್ದರಿಂದ ಗಂಡಿನ ವೇಷ ಹಾಕಿದ್ದಳು. ಭೂಮಿಗೆ ಸುತ್ತು ಹಾಕಿದ ಮೊದಲ ಮಹಿಳೆ ಎಂದು ಅವಳನ್ನು ಗುರುತಿಸುತ್ತಾರೆ. ಅವಳ ಹೆಸರಿನ ಗಿಡ ಶಾಶ್ವತವಾಗಿ ಪುಸ್ತಕಕ್ಕೆ ಸೇರಿದ್ದು 2012ರಲ್ಲಿ.

ಜಡ್ಕಲ್, ಮುದೂರಿನ ಗುಡ್ಡಗಳ ರಬ್ಬರ್ ತೋಟಗಳ ಮೂಲವೂ ಬ್ರೆಜಿಲ್. 1876ರಲ್ಲಿ ಹೆನ್ರಿ ವಿಕಮ್ ಎಂಬ ಆಂಗ್ಲ ಸುಮಾರು 70,000 ಬೀಜಗಳನ್ನು ಅಲ್ಲಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಮೊಳೆತ ಗಿಡಗಳು ಸಿಲೋನಿಗೆ, ಅಲ್ಲಿಂದ ಏಷ್ಯಾದ ತೋಟಗಳಿಗೆ ಹೋದವು. ಕ್ಯೂ, ಕಲ್ಕತ್ತಾ, ಸಿಲೋನಿನ ಪೇರಾದೇನಿಯ ಮೊದಲಾದ ಉದ್ಯಾನಗಳು ಬರೀ ವಿಹಾರದ ಜಾಗಗಳಲ್ಲ, ಸಾಮ್ರಾಜ್ಯದ ಪ್ರಯೋಗಾಲಯಗಳು. ಹೈದರಾಲಿ 1760ರಲ್ಲಿ ಆರಂಭಿಸಿ, ಟಿಪ್ಪು ಪರ್ಷಿಯಾ, ಕಾಬೂಲ್, ಮಾರಿಷಸ್‌ಗಳಿಂದ ಗಿಡ ತರಿಸಿ ಬೆಳೆಸಿದ ಬೆಂಗಳೂರಿನ ಲಾಲ್‌ಬಾಗ್ ಕೂಡ 1799ರ ನಂತರ ಕಂಪೆನಿಯ ಕೈಗೆ ಹೋಗಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು.

ಕೊನೆಯ ಉದಾಹರಣೆ ವೆನಿಲ್ಲಾ. 2000ದ ಆಸುಪಾಸಿನಲ್ಲಿ ಕರಾವಳಿ, ಮಲೆನಾಡಿನ ಅಡಿಕೆ ತೋಟಗಳಿಗೆ ಬಂದು, ಬೆಲೆ ಕುಸಿದಾಗ ಹೋದ ಬಳ್ಳಿ. ಮೆಕ್ಸಿಕೊದ ಹೊರಗೆ ಅದರ ಹೂವು ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ 12 ವರ್ಷದ ಗುಲಾಮ ಹುಡುಗ ಸಣ್ಣ ಕಡ್ಡಿ ಮತ್ತು ಹೆಬ್ಬೆರಳಿನಿಂದ ಪರಾಗಸ್ಪರ್ಶ ಮಾಡುವ ವಿಧಾನ ಕಂಡುಹಿಡಿದ. ನಮ್ಮ ರೈತರು ಬೆಳಗ್ಗೆ ಬೇಗನೆದ್ದು ತೋಟದಲ್ಲಿ ಮಾಡುತ್ತಿದ್ದದ್ದು ಅದನ್ನೇ. ಜಗತ್ತಿನ ವೆನಿಲ್ಲಾ ವ್ಯಾಪಾರವೆಲ್ಲ ಆ ಹುಡುಗನ ಬೆರಳಿನ ಮೇಲೆ ನಿಂತಿದೆ. 1848ರಲ್ಲಿ ಗುಲಾಮಗಿರಿ ರದ್ದಾದಾಗ ಅವನಿಗೆ 'ಆಲ್ಬಿಯುಸ್' ಎಂಬ ಅಡ್ಡಹೆಸರು ಸಿಕ್ಕಿತು, ಹಣ ಸಿಗಲಿಲ್ಲ. 1880ರಲ್ಲಿ ಬಡವನಾಗಿಯೇ ತೀರಿಕೊಂಡ.

7. ನಮ್ಮದು ಯಾವುದು, ಹೊರಗಿನದು ಯಾವುದು?

ಈ ಕಥೆಗಳಿಂದ ಎರಡು ಪಾಠ ಕಲಿಯಬಹುದು. ಮೊದಲನೆಯದು, ಗಿಡ ನಿರಪರಾಧಿ, ಅದನ್ನು ಸಾಗಿಸಿದ ಅಧಿಕಾರ ಹಾಗಲ್ಲ. ಕಾರ್ತಾಜ್, ಮೀಸಲು ಅರಣ್ಯ, ಗುಲಾಮ ತೋಟಗಳನ್ನು ಮರೆತು ಬರೀ 'ಹೊಸ ಬೆಳೆಗಳು ಬಂದವು' ಎಂದು ಬರೆದರೆ ಉತ್ತರ ಅರ್ಧವಾಗುತ್ತದೆ.

ಎರಡನೆಯದು ಇವತ್ತಿಗೆ ಹೆಚ್ಚು ಬೇಕಾದದ್ದು. ಕುಂದಾಪುರದ ಘೀ ರೋಸ್ಟಿನ ಕೆಂಪು ಬಣ್ಣ ಅಮೆರಿಕದ ಮೆಣಸಿನದು. ಅದನ್ನು ವಿದೇಶಿ ಅಡುಗೆ ಎಂದು ಯಾರಾದರೂ ಹೇಳುತ್ತಾರೆಯೇ? ಈ ಮಣ್ಣಿನಲ್ಲಿ ಬೇರು ಬಿಟ್ಟು, ಇಲ್ಲಿಯ ಮಳೆ ಕುಡಿದು, ಇಲ್ಲಿಯವರ ಹಸಿವು ತಣಿಸಿದ್ದೆಲ್ಲ ಇಲ್ಲಿಯದೇ. 'ಯಾರು ಒಳಗಿನವರು, ಯಾರು ಹೊರಗಿನವರು' ಎಂಬ ಮಾತು ಎಲ್ಲಾದರೂ ಬಂದಾಗ ದನಿ ಏರಿಸಬೇಕಾಗಿಲ್ಲ. ಹಿತ್ತಿಲು ತೋರಿಸಿ ಸಾಕು. ಏಳು ಶತಮಾನದ ಹಿಂದೆ ಬಸ್ರೂರಿನ ತೆಂಗು, ಬಾರಕೂರಿನ ಕಬ್ಬಿನ ಪಕ್ಕದಲ್ಲೇ ಇಲ್ಲಿಯ ಮುಸ್ಲಿಂ ವ್ಯಾಪಾರಿಗಳನ್ನೂ ಕಂಡು ಬರೆದವನ ಪುಸ್ತಕ ನಮ್ಮೆದುರಿಗಿದೆ.

ಒಬ್ಬನು ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ಪ್ರಾಣಿಯಾಗಲಿ ತಿಂದರೆ ಅದು ನೆಟ್ಟವನ ಪಾಲಿಗೆ ಸದಕಾ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ನೆಟ್ಟವರ ಹೆಸರು ಕೇಳಿ ಬರೆದಿಡುವುದೂ ಒಂದು ಒಳ್ಳೆಯ ಕೆಲಸವೇ.

ಮಾಡಿ ನೋಡಿ

1. ನಿಮ್ಮ ಹಿತ್ತಿಲಿನ 15 ಗಿಡಗಳ ಪಟ್ಟಿ ಮಾಡಿ. ಪ್ರತಿ ಗಿಡಕ್ಕೂ ಮನೆಮಾತಿನ ಹೆಸರು, ಕುಂದಾಪುರ ಕನ್ನಡದ ಹೆಸರು, ವೈಜ್ಞಾನಿಕ ಹೆಸರು, ಮೂಲ ದೇಶ ಬರೆಯಿರಿ.

2. ಮನೆಯ ಹಿರಿಯರನ್ನು, ದಾದಿ, ನಾನಿ, ಅಜ್ಜಿ ಯಾರೇ ಆಗಲಿ, ಕೂರಿಸಿಕೊಂಡು ಕೇಳಿ: ಅವರು ಚಿಕ್ಕವರಿದ್ದಾಗ ಇದ್ದ, ಈಗ ಕಾಣದ ಮೂರು ಗಿಡ ಯಾವುವು? ಅವನ್ನು ಯಾವುದಕ್ಕೆ ಬಳಸುತ್ತಿದ್ದರು? ಈ ಕೆಲಸ ಮಾತ್ರ ಮುಂದೂಡಬೇಡಿ.

3. ಗೇರುಬೀಜ ಕಾರ್ಖಾನೆಯಲ್ಲಿ ದುಡಿದವರು ಮನೆಯಲ್ಲೋ ನೆರೆಯಲ್ಲೋ ಇದ್ದರೆ ಅವರ ಒಂದು ದಿನದ ಕೆಲಸವನ್ನು ಅವರದೇ ಮಾತಿನಲ್ಲಿ ಒಂದು ಪುಟ ಬರೆಯಿರಿ.

ಉತ್ತರಿಸಿ

1. 'ಒಳ್ಳೆಮೆಣಸು' ಎಂಬ ಪದ ಇತಿಹಾಸದ ಆಕರವಾಗುವುದು ಹೇಗೆ?

2. ಕಾರ್ತಾಜ್ ಪದ್ಧತಿ ಎಂದರೇನು? ಅದರಿಂದ ಕರಾವಳಿಯ ವ್ಯಾಪಾರಿಗಳಿಗೆ ಆದ ತೊಂದರೆಗಳೇನು?

3. ಇಬ್ನ್ ಬತೂತ ಮತ್ತು ಬುಕಾನನ್ ಇಬ್ಬರೂ ನಮ್ಮ ಊರುಗಳ ಬೆಳೆಗಳ ಬಗ್ಗೆ ಬರೆದರು. ಇಬ್ಬರ ಉದ್ದೇಶಗಳಲ್ಲಿರುವ ವ್ಯತ್ಯಾಸವನ್ನು ವಿವರಿಸಿ.

4. ಕುಮರಿ ಮತ್ತು ಕುಮ್ಕಿ: ವ್ಯತ್ಯಾಸ ತಿಳಿಸಿ.

ಹಿತ್ತಿಲಿನ ಪಟ್ಟಿಗಳನ್ನು ಇತಿಹಾಸ ವಿಭಾಗಕ್ಕೆ ತಂದುಕೊಡಿ. ಒಳ್ಳೆಯವನ್ನು ಮುಂದಿನ ಸಂಚಿಕೆಯಲ್ಲಿ ನಿಮ್ಮ ಹೆಸರಿನೊಂದಿಗೆ ಪ್ರಕಟಿಸುತ್ತೇವೆ; ಮಾಹಿತಿ ಕೊಟ್ಟ ಹಿರಿಯರ ಹೆಸರನ್ನು ಅವರ ಒಪ್ಪಿಗೆ ಪಡೆದು ನಿಮ್ಮ ಹೆಸರಿಗಿಂತ ಮೊದಲು ಹಾಕುತ್ತೇವೆ.